ಐದರ ಎಣಿಕೆಯಲ್ಲಿ ಓಟ

ಒಂದು ಅಡಿಗೂ ಕಡಿಮೆ ಉದ್ದದ ಹಗ್ಗ ಅದು. ಎರಡು ತುದಿಯಲ್ಲೂ ಕುಣಿಕೆ ಇದೆ. ಒಂದು ಕುಣಿಕೆ ನನ್ನ ಎಡಗೈ ಬೆರಳುಗಳಿಗೆ, ಇನ್ನೊಂದು ಮೇಷ್ಟ್ರ ಬಲಗೈ ಬೆರಳುಗಳಿಗೆ. ಹತ್ತು ತಿಂಗಳಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ನಾವಿಬ್ಬರೂ ಹೀಗೇ ಓಡುತ್ತಿದ್ದೇವೆ. ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ವಯಸ್ಸು 66. ಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತರಾದವರು. ಕಳೆದ ಭಾನುವಾರ ನಾವು ಮೊದಲ ಸಲ 10 ಕಿಲೋಮೀಟರ್ ಓಟ ಮುಗಿಸಿದೆವು. ಅದರ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ. ಆದರೆ ಓಟದ ದಿನಕ್ಕಿಂತ ಅದಕ್ಕೆ ಮುಂಚಿನ ತಿಂಗಳುಗಳ ಬಗ್ಗೆಯೇ ಹೇಳುವುದು ಜಾಸ್ತಿ ಇದೆ.

ನನಗೆ ಮೂರು ಹುಚ್ಚು. ಅಕ್ಷರದ ಆಕಾರ ನೋಡುವುದು, ತಾಳ ಹಾಕುವುದು, ಓಡುವುದು. ಹೊಟ್ಟೆಪಾಡಿಗೆ ಮಾಡುವುದು ಲೆಕ್ಕ ಬರೆಯುವ ಕೆಲಸ. ದಾರಿಯಲ್ಲಿ ಬೋರ್ಡು ಕಂಡರೆ ನಿಂತು ಅದರ ‘ಳ’ ಹೇಗೆ ಬರೆದಿದ್ದಾರೆ ಅಂತ ನೋಡುತ್ತೇನೆ. ಚಿಕ್ಕವಳಿದ್ದಾಗ ನಾಲ್ಕು ವರ್ಷ ಮೃದಂಗ ಕಲಿತಿದ್ದೆ. ವಾದ್ಯ ಕೈಬಿಟ್ಟು ಹೋಯಿತು, ಎಣಿಕೆ ಬೆರಳಲ್ಲೇ ಉಳಿಯಿತು. ಓಟ ಶುರುವಾದದ್ದು ಮೂವತ್ತೈದು ದಾಟಿದ ಮೇಲೆ. “ಯಾವುದಾದರೂ ಒಂದನ್ನ ಗಟ್ಟಿಯಾಗಿ ಹಿಡಿ” ಅಂತ ಅಣ್ಣ ಹೇಳುತ್ತಲೇ ಇದ್ದ. ಒಂದನ್ನು ಹಿಡಿದರೆ ಇನ್ನೆರಡು ತಾವಾಗಿ ಜೊತೆಗೆ ಬರುತ್ತವೆ ಅಂತ ಅವನಿಗೆ ಹೇಗೆ ವಿವರಿಸುವುದೋ ಗೊತ್ತಾಗುತ್ತಿರಲಿಲ್ಲ. ಈಗ ಮೇಷ್ಟ್ರ ಕಥೆ ಹೇಳಬಹುದು.

ಕಣ್ಣು ಕಾಣದವರ ಪಕ್ಕದಲ್ಲಿ ಓಡುವವರನ್ನು ಗೈಡ್ ರನ್ನರ್ ಅನ್ನುತ್ತಾರೆ. ಪ್ಯಾರಾಲಿಂಪಿಕ್ಸ್‌ನ ಟಿ11 ವಿಭಾಗದಲ್ಲಿ ಓಟಗಾರರೆಲ್ಲ ಕಣ್ಣು ಮುಚ್ಚುವ ಪಟ್ಟಿ ಕಟ್ಟಿಕೊಂಡು, ಗೈಡ್ ಜೊತೆಯಲ್ಲಿ ಓಡುತ್ತಾರೆ. ಗೈಡ್ ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಕೊನೆಯ ಗೆರೆಯನ್ನು ಓಟಗಾರನೇ ಮೊದಲು ದಾಟಬೇಕು, ಗೈಡ್ ಆಮೇಲೆ. ನಮ್ಮದು ಪದಕಕ್ಕೆ ಓಡುವ ಓಟ ಅಲ್ಲ. ಆದರೂ ಈ ನಿಯಮಗಳನ್ನು ಮೊದಲ ದಿನದಿಂದ ಪಾಲಿಸಿದೆವು. ಓಟ ಯಾರದ್ದು ಅನ್ನುವುದನ್ನು ಅವು ಸರಿಯಾಗಿ ಹೇಳುತ್ತವೆ.

ಹಗ್ಗ ಹಿಡಿದ ಎರಡು ಕೈಗಳು ಒಟ್ಟಿಗೆ ತೂಗಬೇಕು. ಹಾಗಾಗಿ ನನ್ನ ಎಡಗಾಲು ಮುಂದೆ ಬಂದಾಗ ಅವರ ಬಲಗಾಲು ಮುಂದೆ ಬರುತ್ತದೆ. ಕನ್ನಡಿಯ ಪಕ್ಕ ಓಡಿದ ಹಾಗೆ. ನನಗಿಂತ ಅವರ ಹೆಜ್ಜೆ ಚಿಕ್ಕದು. ಮೊದಲ ಎರಡು ವಾರ ನನ್ನ ಗಮನವೆಲ್ಲ ಅವರ ಪಾದದ ಕಡೆಗೇ ಇತ್ತು. ಇಷ್ಟು ವರ್ಷ ಓಡಿದ್ದರೂ ಇನ್ನೊಬ್ಬರ ಹೆಜ್ಜೆಯನ್ನು ಅಷ್ಟು ಹತ್ತಿರದಿಂದ ನಾನು ಯಾವತ್ತೂ ಕೇಳಿರಲಿಲ್ಲ.

ಬಾಯಲ್ಲಿ ಹೇಳುವ ಸೂಚನೆಗಳು ಇನ್ನೂ ಕಷ್ಟ. “ಇಪ್ಪತ್ತು ಮೀಟರ್ ಮುಂದೆ ಉಬ್ಬು ಇದೆ” ಅಂದೆ ಒಂದು ದಿನ. ಮೇಷ್ಟ್ರು ನಿಂತುಬಿಟ್ಟರು.

“ಮೀಟರ್ ಅಂದ್ರೆ ನನಗೆ ಗೊತ್ತಾಗಲ್ಲಮ್ಮ. ಹೆಜ್ಜೆ ಹೇಳು.”

ಹೆಜ್ಜೆ ಲೆಕ್ಕ ಹೇಳಲು ಶುರು ಮಾಡಿದೆ. ಅದೂ ಸರಿಹೋಗಲಿಲ್ಲ. ನಾನು “ಇನ್ನು ಹನ್ನೆರಡು” ಅಂತ ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಹೆಜ್ಜೆ ದಾಟಿರುತ್ತಿತ್ತು. ಎಲ್ಲಿಂದ ಎಣಿಸಬೇಕು ಅನ್ನುವುದೇ ಗೊಂದಲ.

ಪರಿಹಾರ ಬಂದದ್ದು ಉಸಿರಿನಿಂದ. ನಾನು ಓಡುವಾಗ ಮೂರು ಹೆಜ್ಜೆಗೆ ಉಸಿರು ತಗೊಂಡು ಎರಡು ಹೆಜ್ಜೆಗೆ ಬಿಡುತ್ತೇನೆ. ಬಡ್ ಕೋಟ್ಸ್ ಎಂಬ ಅಮೆರಿಕದ ತರಬೇತುದಾರರು ಇದನ್ನು ಬಹಳ ಜನಕ್ಕೆ ಕಲಿಸಿದ್ದಾರೆ. ಕಾರಣ ಸರಳ. ಎರಡಕ್ಕೆ ತಗೊಂಡು ಎರಡಕ್ಕೆ ಬಿಟ್ಟರೆ ಒಟ್ಟು ನಾಲ್ಕು. ಆಗ ಉಸಿರು ಬಿಡಲು ಶುರು ಮಾಡುವಾಗ ಪ್ರತಿ ಸಲವೂ ಒಂದೇ ಕಾಲು ನೆಲಕ್ಕೆ ಬೀಳುತ್ತದೆ. ಒಟ್ಟು ಐದಾದರೆ ಒಂದು ಸಲ ಎಡಗಾಲು, ಮುಂದಿನ ಸಲ ಬಲಗಾಲು. ಭಾರ ಹಂಚಿಹೋಗುತ್ತದೆ ಅನ್ನುವುದು ಅವರ ವಾದ. ನನಗಂತೂ ಓಟ ಹಗುರ ಅನ್ನಿಸಿತು, ಅಷ್ಟೇ ಸಾಕಿತ್ತು. ಎಣಿಕೆ ತಪ್ಪದಿರಲಿ ಅಂತ ಮೆಲ್ಲಗೆ ‘ತಕಿಟ ತಕ, ತಕಿಟ ತಕ’ ಅಂದುಕೊಳ್ಳುತ್ತಿದ್ದೆ.

“ಏನೋ ಗುಣುಗುಣು ಅಂತಿದ್ದೀಯಲ್ಲ, ಏನಮ್ಮ ಅದು?” ಅಂತ ಮೇಷ್ಟ್ರು ಕೇಳಿದರು. ಹೇಳಿದೆ. ಅವರ ಮುಖ ಅರಳಿತು.

“ಅದು ಖಂಡ ಅಲ್ವಾ! ಆದರೆ ನೀನು ಉಲ್ಟಾ ಹಾಕ್ತಿದ್ದೀಯ. ಖಂಡ ಚಾಪಿನಲ್ಲಿ ಎರಡು ಮೊದಲು, ಮೂರು ಆಮೇಲೆ. ಉಸಿರು ಬಿಡೋದರಿಂದ ಶುರು ಮಾಡು. ಸಮ ಅಲ್ಲಿಗೆ ಬೀಳಲಿ.”

ತಕ ತಕಿಟ. ಎರಡಕ್ಕೆ ಬಿಡುವುದು, ಮೂರಕ್ಕೆ ತಗೊಳ್ಳುವುದು. ಖಂಡ ಚಾಪು ಅಂದರೆ ಐದು ಎಣಿಕೆಯ ತಾಳ. ಅದರ ಒಂದು ಪೂರ್ತಿ ಸುತ್ತು ಒಂದು ಆವರ್ತ, ಸುತ್ತು ಶುರುವಾಗುವ ಎಣಿಕೆಯೇ ಸಮ. ಮಾಡುವ ಕೆಲಸ ಅದೇ, ಶುರು ಮಾಡುವ ಜಾಗ ಮಾತ್ರ ಬೇರೆ. ಆದರೆ ಅಲ್ಲಿಂದ ಎಲ್ಲವೂ ಬದಲಾಯಿತು. ಇಬ್ಬರ ಉಸಿರೂ ಒಂದೇ ತಾಳಕ್ಕೆ ಬಂದ ಮೇಲೆ ಎಣಿಸುವುದು ಎಲ್ಲಿಂದ ಅನ್ನುವ ಪ್ರಶ್ನೆಯೇ ಉಳಿಯಲಿಲ್ಲ. ಸಮ ಬಂದಾಗ ನಾನು “ಉಬ್ಬು, ಎರಡು” ಅನ್ನುತ್ತೇನೆ. ಎರಡು ಆವರ್ತ, ಅಂದರೆ ಹತ್ತು ಹೆಜ್ಜೆ. ಹನ್ನೊಂದನೇ ಹೆಜ್ಜೆಗೆ ಅವರ ಕಾಲು ತಾನಾಗಿ ಸ್ವಲ್ಪ ಎತ್ತರಕ್ಕೆ ಏಳುತ್ತದೆ. “ಎಡಕ್ಕೆ, ಮೂರು.” “ಮಣ್ಣು, ಒಂದು.” ಇಷ್ಟೇ ಮಾತು. ಐವತ್ತು ವರ್ಷ ತಾಳದೊಳಗೆ ಬದುಕಿದವರಿಗೆ ಆವರ್ತವೇ ಅಳತೆಪಟ್ಟಿ. ಮೈದಾನದ 400 ಮೀಟರ್ ಸುತ್ತು ಎಷ್ಟು ಆವರ್ತ ಅಂತ ಅವರು ಮೂರೇ ದಿನದಲ್ಲಿ ಕಂಡುಕೊಂಡರು. ಆಮೇಲೆ ತಿರುವು ಬರುವ ಮೊದಲು ಅವರೇ ನನಗೆ ಹೇಳುತ್ತಿದ್ದರು.

ನಮ್ಮ ಹೆಜ್ಜೆ ನಿಮಿಷಕ್ಕೆ 160ರ ಆಸುಪಾಸು. ಅಂದರೆ 32 ಆವರ್ತ. ಓಡುವವರ ನಡುವೆ 180 ಅನ್ನುವ ಒಂದು ಅಂಕಿ ಬಹಳ ಓಡಾಡುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜ್ಯಾಕ್ ಡೇನಿಯಲ್ಸ್ ಎಂಬ ತರಬೇತುದಾರರು ಓಟಗಾರರ ಹೆಜ್ಜೆ ಎಣಿಸಿದರು. ಹೆಚ್ಚುಕಡಿಮೆ ಎಲ್ಲರದ್ದೂ 180 ಅಥವಾ ಅದಕ್ಕಿಂತ ಮೇಲೆ ಇತ್ತು. ಆದರೆ ಅವರು ನೋಡಿದ್ದು ಜಗತ್ತಿನ ಅತಿ ವೇಗದವರನ್ನು, ಅದೂ ಸ್ಪರ್ಧೆಯ ವೇಗದಲ್ಲಿ. ನಿಧಾನವಾಗಿ ಓಡುವವರೆಲ್ಲ ಆ ಅಂಕಿಗೆ ಹೋಗಿ ಒದ್ದಾಡುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ವಿಳಂಬದಲ್ಲಿ ಹಾಡುವವರಿಗೆ ಯಾರಾದರೂ ದ್ರುತಕ್ಕೆ ಬಾ ಅನ್ನುತ್ತಾರಾ?

ಈಗ ಅಕ್ಷರದ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನಾಲ್ಕು ತಿಂಗಳು ನನ್ನ ರಾತ್ರಿಗಳೆಲ್ಲ ಇದಕ್ಕೇ ಹೋಗಿವೆ.

ಈ ಓಟ ನಡೆಸುವುದು ಒಂದು ಸಣ್ಣ ಗುಂಪು. ಬಂದ ಹಣದಲ್ಲಿ ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಣ ಮಾಡಿಸುತ್ತಾರೆ. ಮೇಷ್ಟ್ರು ಇದಕ್ಕೆ ಓಡಲು ಒಪ್ಪಿದ್ದಕ್ಕೆ ಕಾರಣ ಇದೆ. ಅವರು ಓದುವಾಗ ಪಾಠಗಳನ್ನು ಅವರ ಅಕ್ಕ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. “ಅಕ್ಕ ಮದುವೆಯಾಗಿ ಹೋದ ವರ್ಷ ನನ್ನ ಓದು ನಿಂತೇಹೋಯಿತು” ಅಂದರು. ಮತ್ತೆ ಶುರುವಾಗಲು ಮೂರು ವರ್ಷ ಬೇಕಾಯಿತಂತೆ.

ಹಿಂದಿನ ವರ್ಷದ ಓಟದಲ್ಲಿ ಎದೆಗೆ ಸಿಕ್ಕಿಸುವ ನಂಬರ್ ಚೀಟಿ, ಅಂದರೆ ಬಿಬ್, ಸರಿ ಇರಲಿಲ್ಲ. ಅಂಕಿಗಳು ಸಣಕಲಾಗಿದ್ದವು, ಜೊತೆಗೆ ಒತ್ತೊತ್ತಾಗಿದ್ದವು. ಗೆರೆಯ ಹತ್ತಿರ ಕೂತು ಕೈಯಲ್ಲಿ ನಂಬರ್ ಬರೆದುಕೊಳ್ಳುವವರಿಗೆ 36 ಯಾವುದು 86 ಯಾವುದು ಅಂತ ತಿಳಿಯಲಿಲ್ಲ. ಒಬ್ಬ ಹೆಂಗಸು ಆರು ತಿಂಗಳು ತಯಾರಾಗಿ ಬಂದು ಓಡಿದ್ದರು. ಅವರ ಸಮಯ ಬೇರೆಯವರ ಹೆಸರಿಗೆ ಹೋಯಿತು. ಆ ಸಂಜೆ ಅವರ ಮುಖ ನೋಡಿದಾಗಲೇ ಈ ಸಲ ಬಿಬ್ ನಾನು ಮಾಡಿಕೊಡುತ್ತೇನೆ ಅಂತ ಹೇಳಿದ್ದು.

ಬಿಬ್ ಅನ್ನುವುದು ತುಂಬ ಕಷ್ಟದ ಕಾಗದ. ನಿಜವಾಗಿ ಅದು ಕಾಗದವೂ ಅಲ್ಲ. ಟೈವೆಕ್ ಅನ್ನುವ ಹಾಳೆ, ಪಾಲಿಎಥಿಲೀನ್‌ನ ಸಣ್ಣ ಎಳೆಗಳಿಂದ ಮಾಡಿದ್ದು. ಹರಿಯುವುದಿಲ್ಲ, ಬೆವರಿಗೆ ನೆನೆಯುವುದಿಲ್ಲ. ಆದರೆ ಸುಕ್ಕಾಗುತ್ತದೆ. ಮೈಮೇಲೆ ಬಾಗುತ್ತದೆ, ಆಗ ಅಂಚಿನ ಅಂಕಿಗಳು ಪಕ್ಕಕ್ಕೆ ತಿರುಗಿಬಿಡುತ್ತವೆ. ತೂಗುವ ಕೈ ಅರ್ಧ ಮುಚ್ಚುತ್ತದೆ. ಅದನ್ನು ಓದಬೇಕಾದವರು ದೂರದಲ್ಲಿ ಇರುತ್ತಾರೆ, ಓದಲು ಅವರಿಗೆ ಸಿಗುವುದು ಒಂದೆರಡು ಕ್ಷಣ.

6 ಮತ್ತು 9ರ ಬಾಲ ಒಳಕ್ಕೆ ಸುತ್ತಿಕೊಂಡರೆ ದೂರದಿಂದ ಅವು 8 ಆಗುತ್ತವೆ. 3ರ ಕಥೆಯೂ ಅದೇ. ಬಾಯಿ ತೆರೆದಿರಬೇಕು. ಏಡ್ರಿಯನ್ ಫ್ರುಟಿಗರ್ ಪ್ಯಾರಿಸ್‌ನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದ ಫಲಕಗಳಿಗಾಗಿ ಅಕ್ಷರ ಮಾಡಿದಾಗ ಇದನ್ನೇ ಮಾಡಿದರು. ಅಕ್ಷರಗಳನ್ನು ಮಸುಕಾಗಿಸಿ, ಆಗಲೂ ಗುರುತು ಸಿಗುತ್ತಾ ಅಂತ ಪರೀಕ್ಷಿಸಿದರು. ಆ ಅಕ್ಷರಗಳು 1976ರಲ್ಲಿ ಅವರದ್ದೇ ಹೆಸರಿನಲ್ಲಿ ಫಾಂಟ್ ಆಗಿ ಬಂದವು. ನಾನೂ ಹಾಗೇ ಮಾಡಿದೆ. ನಾನು ಬರೆದ ಅಂಕಿಗಳನ್ನು ಗೋಡೆಗೆ ಅಂಟಿಸಿ, ಕನ್ನಡಕ ತೆಗೆದು, ಮೂವತ್ತು ಹೆಜ್ಜೆ ಹಿಂದೆ ಹೋಗಿ ನಿಂತೆ. ಮೊದಲ ರಾತ್ರಿ 5 ಮತ್ತು 6 ಒಂದೇ ಥರ ಕಂಡವು. ಐದನೇ ಸಲ ಬರೆದಾಗ ಬೇರೆ ಬೇರೆಯಾದವು.

ಇನ್ನೊಂದು ಉಪಾಯ ನನಗೆ ತುಂಬ ಇಷ್ಟವಾದದ್ದು. 1978ರಲ್ಲಿ ಮ್ಯಾಥ್ಯೂ ಕಾರ್ಟರ್ ಅಮೆರಿಕದ ಟೆಲಿಫೋನ್ ಡೈರೆಕ್ಟರಿಗಾಗಿ ಬೆಲ್ ಸೆಂಟೆನಿಯಲ್ ಅನ್ನುವ ಫಾಂಟ್ ಮಾಡಿದರು. ತೆಳ್ಳಗಿನ ಅಗ್ಗದ ಕಾಗದ, ಪುಟ್ಟ ಅಕ್ಷರ, ವೇಗದ ಮುದ್ರಣ. ಶಾಯಿ ಹರಡಿ ಗೆರೆಗಳು ಸೇರುವ ಮೂಲೆ ತುಂಬಿಹೋಗುತ್ತಿತ್ತು. ಅವರು ಆ ಮೂಲೆಗಳಲ್ಲಿ ಮೊದಲೇ ಸಣ್ಣ ಕಚ್ಚು ಕೊರೆದಿಟ್ಟರು. ಹರಡಿದ ಶಾಯಿ ಬಂದು ಆ ಕಚ್ಚನ್ನು ತುಂಬಿದಾಗ ಅಕ್ಷರ ಸರಿಯಾಗುತ್ತದೆ. ದೊಡ್ಡದು ಮಾಡಿ ನೋಡಿದರೆ ಆ ಅಕ್ಷರಗಳು ಇಲಿ ಕಡಿದ ಹಾಗಿವೆ. ಇರಬೇಕಾದ ಗಾತ್ರದಲ್ಲಿ ನೋಡಿದರೆ ಎಷ್ಟು ಸ್ಪಷ್ಟ! ನಮ್ಮ ಬಿಬ್‌ನಲ್ಲಿ ಶಾಯಿ ಹರಡುವುದಿಲ್ಲ. ಆದರೆ ದೂರದಿಂದ ನೋಡುವಾಗ ಕಣ್ಣೇ ಮೂಲೆಗಳನ್ನು ತುಂಬಿಬಿಡುತ್ತದೆ, ಅಲ್ವಾ? 4ರ ಮೂಲೆಯಲ್ಲಿ, 8ರ ನಡುವಿನಲ್ಲಿ ನಾನೂ ಸಣ್ಣ ಕಚ್ಚು ಇಟ್ಟೆ. ಮೂವತ್ತು ಹೆಜ್ಜೆ ದೂರದಿಂದ ಕಚ್ಚು ಕಾಣಲಿಲ್ಲ, ಅಂಕಿ ಕಂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಕನ್ನಡ ಅಂಕಿಗಳನ್ನೇ ಹಾಕಬೇಕು ಅಂತ ಬಹಳ ಆಸೆಯಿತ್ತು. ಬರೆದು ನೋಡಿದೆ. ೩, ೬, ೯ ಮೂರಕ್ಕೂ ಮೈ ಹೆಚ್ಚುಕಡಿಮೆ ಒಂದೇ. ಬೇರೆ ಮಾಡುವುದು ಬಾಲದ ತಿರುವು ಮಾತ್ರ. ಪುಟದ ಮೇಲೆ ಅದು ಚೆಂದ. ಓಡುವವರ ಎದೆಯ ಮೇಲೆ, ಸುಕ್ಕಿನ ನಡುವೆ, ಬಾಲವೇ ಮೊದಲು ಮಾಯವಾಗುತ್ತದೆ. ಇನ್ನೊಬ್ಬರ ಸಮಯ ಕಳೆದುಹೋಗಬಾರದು ಅಂತ ಆ ಆಸೆ ಬಿಟ್ಟೆ. ಅದರ ಬದಲು ಅಂಕಿಯ ಕೆಳಗೆ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯುವುದು ಅಂತ ತೀರ್ಮಾನಿಸಿದೆ.

ಮೇಷ್ಟ್ರನ್ನು ಕೇಳಿದೆ, ನಿಮ್ಮ ಹೆಸರು ಹೇಗೆ ಬರೆಯಲಿ ಅಂತ. “ಹೆಸರು ಬೇಡ. ಮೇಷ್ಟ್ರು ಅಂತ ಹಾಕು” ಅಂದರು.

ಕನ್ನಡದಲ್ಲಿ ಅಕ್ಷರ ಬರೆಯುವವರಿಗೆ ‘ಮೇಷ್ಟ್ರು’ ಒಂದು ಪರೀಕ್ಷೆ. ‘ಮೇ’ ಅಗಲವಾಗಿ ಹರಡಿಕೊಳ್ಳುತ್ತದೆ, ಜೊತೆಗೆ ದೀರ್ಘ ಬೇರೆ. ಆಮೇಲೆ ‘ಷ್ಟ್ರು’. ಷ ಮೇಲೆ ಕೂತಿದೆ. ಅದರ ಬಲಕ್ಕೆ ಕೊಂಬು. ಕೆಳಗೆ ಟ ಒತ್ತು. ಅದಕ್ಕೆ ತಗುಲಿಕೊಂಡು ರ ಒತ್ತು. ನಾಲ್ಕು ಜನ ಒಂದೇ ಕುರ್ಚಿಯಲ್ಲಿ ಕೂತಿದ್ದಾರೆ. ಕೆಳಗೆ ಜಾಗ ಸಾಲದೆ ಎಷ್ಟೋ ಕಡೆ ಒತ್ತುಗಳನ್ನು ಚಿಕ್ಕದು ಮಾಡಿ ಒತ್ತರಿಸಿಬಿಡುತ್ತಾರೆ. ಹತ್ತಿರದಿಂದ ಓದಬಹುದು, ದೂರದಿಂದ ಅದು ಬರೀ ಕಪ್ಪು ಚುಕ್ಕೆ. ನಾನು ಉಲ್ಟಾ ದಾರಿ ಹಿಡಿದೆ. ಮೊದಲು ಒತ್ತುಗಳನ್ನು ಬರೆದೆ, ಓದಲು ಆಗುವಷ್ಟು ದೊಡ್ಡದಾಗಿ. ಆಮೇಲೆ ಉಳಿದ ಜಾಗಕ್ಕೆ ಷ ಕೂರಿಸಿದೆ. ತಲೆಕಟ್ಟನ್ನು ಸ್ವಲ್ಪ ತೆಳ್ಳಗೆ ಮಾಡಿದೆ. ಒಂದು ಪದಕ್ಕೆ ಒಂಬತ್ತು ರಾತ್ರಿ. ಅದು ಸರಿಯಾದ ಮೇಲೆ ಉಳಿದ ಮುನ್ನೂರು ಹೆಸರು ಸಲೀಸಾಗಿ ಬಂದವು.

ಬಿಬ್ ಕೊಟ್ಟಾಗ ಮೇಷ್ಟ್ರು ಎರಡೂ ಕೈಯಲ್ಲಿ ಸವರಿ ನೋಡಿ, “ಮೇಲ್ಭಾಗ ಯಾವುದಮ್ಮ?” ಅಂದರು. ನಾಲ್ಕೂ ಮೂಲೆಯಲ್ಲಿ ಪಿನ್ನಿನ ತೂತು, ಎಲ್ಲಾ ಒಂದೇ ಥರ. ಇಷ್ಟು ದಿನ ನಾನು ನೋಡುವವರ ಬಗ್ಗೆಯೇ ಯೋಚಿಸಿದ್ದೆ. ಅಲ್ಲೇ ಕತ್ತರಿ ತಗೊಂಡು ಬಲಗಡೆ ಮೇಲಿನ ಮೂಲೆಯನ್ನು ಓರೆಯಾಗಿ ಕತ್ತರಿಸಿದೆ. ಅವತ್ತು ಬಿಬ್ಬನ್ನು ಅವರೇ ಸಿಕ್ಕಿಸಿಕೊಂಡರು. ಮುಂದಿನ ವರ್ಷ ಎಲ್ಲರ ಬಿಬ್‌ಗೂ ಆ ಮೂಲೆ ಓರೆಯಾಗಿಯೇ ಇರುತ್ತದೆ.

ತಯಾರಿಯ ನಡುವೆ ಟೆರಿ ಫಾಕ್ಸ್ ವಿಷಯ ಬಂತು. ಒಳ್ಳೆಯ ಕೆಲಸಕ್ಕೆ ಹಣ ಸೇರಿಸಲು ಓಡುವವರೆಲ್ಲ ಒಂದಲ್ಲ ಒಂದು ದಿನ ಅವನ ಕಥೆಗೆ ಬಂದು ನಿಲ್ಲುತ್ತಾರೆ. ಕೆನಡಾದ ಹುಡುಗ. 1977ರಲ್ಲಿ ಕ್ಯಾನ್ಸರ್‌ನಿಂದ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. 1980ರ ಏಪ್ರಿಲ್ 12ರಂದು, ಕೃತಕ ಕಾಲು ಹಾಕಿಕೊಂಡು, ದೇಶದ ಪೂರ್ವ ತುದಿಯಿಂದ ಓಡಲು ಶುರು ಮಾಡಿದ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್. ಕ್ಯಾನ್ಸರ್ ಸಂಶೋಧನೆಗೆ ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್ ಸೇರಿಸಬೇಕು ಅಂತ ಅವನ ಆಸೆ. 143 ದಿನ, 5,373 ಕಿಲೋಮೀಟರ್ ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದು ಗೊತ್ತಾಗಿ ನಿಲ್ಲಿಸಬೇಕಾಯಿತು. ಮುಂದಿನ ವರ್ಷ ಜೂನ್‌ನಲ್ಲಿ ತೀರಿಕೊಂಡ. ಆಗ ಅವನಿಗೆ 22. ಅಷ್ಟರಲ್ಲಿ ಎರಡು ಕೋಟಿ 40 ಲಕ್ಷ ಡಾಲರ್ ದಾಟಿತ್ತು, ತಲೆಗೊಂದು ಡಾಲರ್.

ಅವನ ಓಟಕ್ಕೆ ಒಂದು ವಿಚಿತ್ರ ನಡೆ ಇತ್ತು. ಕೃತಕ ಕಾಲು ಹಿಂದಿನಿಂದ ಮುಂದೆ ಬರಲು ಹೊತ್ತು ತಗೊಳ್ಳುತ್ತಿತ್ತು. ಅದಕ್ಕೆ ಅವನು ಎಡಗಾಲಲ್ಲಿ ಒಂದು ಹೆಜ್ಜೆ ಇಟ್ಟು, ಅದೇ ಕಾಲಲ್ಲಿ ಇನ್ನೊಮ್ಮೆ ಕುಪ್ಪಳಿಸುತ್ತಿದ್ದ. ಎಡ, ಎಡ, ಬಲ. ನಾನು ಅದನ್ನು ಬೆಂಚಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿದೆ. ಮೇಷ್ಟ್ರು ತಲೆ ಬಗ್ಗಿಸಿ ಕೇಳಿದರು.

“ತಿಶ್ರ” ಅಂದರು. ಅವರೂ ತಟ್ಟಿದರು. ತಕಿಟ, ತಕಿಟ, ತಕಿಟ. ಬಹಳ ಹೊತ್ತು ತಟ್ಟುತ್ತಲೇ ಇದ್ದರು. “ಐದು ಸಾವಿರ ಕಿಲೋಮೀಟರ್ ಇದೇ ನಡೆಯಲ್ಲಾ?” ಅಂತ ಕೇಳಿದರು. ಅವತ್ತು ನಾವು ಓಡಲಿಲ್ಲ.

ಓಟದ ದಿನದ ಬಗ್ಗೆ. ಮೊದಲ 3 ಕಿಲೋಮೀಟರ್ ಜನ ಜಾಸ್ತಿ, ಸೂಚನೆಗಳೂ ಜಾಸ್ತಿ, ಬೇರೆ ಏನೂ ನೆನಪಿಲ್ಲ. ಆಮೇಲೆ ದಾರಿ ಬಿಡುವಾಯಿತು. 6ನೇ ಕಿಲೋಮೀಟರ್ ಹತ್ತಿರ ದಾರಿ ಬದಿಯಲ್ಲಿ ನಿಂತ ಯಾರೋ ಕೂಗಿದರು. “ಮೇಷ್ಟ್ರೇ! ಚೆನ್ನಾಗಿ ಓಡ್ತಿದ್ದೀರಾ!” ಮುಂದೆ ಇನ್ನಿಬ್ಬರು. “ಮೇಷ್ಟ್ರೇ, ಬನ್ನಿ ಬನ್ನಿ!” ಮೇಷ್ಟ್ರ ಮುಖ ಆ ದನಿಯ ಕಡೆ ತಿರುಗಿತು.

“ನನ್ನ ಶಿಷ್ಯರಾ?”

“ಅಲ್ಲ ಮೇಷ್ಟ್ರೇ. ಗುರುತಿಲ್ಲದವರು. ನಿಮ್ಮ ಎದೆ ಮೇಲಿರೋದನ್ನ ಓದಿ ಕೂಗ್ತಿದ್ದಾರೆ.”

ಎರಡು ಆವರ್ತ ಅವರು ಮಾತಾಡಲಿಲ್ಲ. ಆಮೇಲೆ ಕೇಳಿದರು. “ಅಷ್ಟು ದೂರಕ್ಕೆ ಕಾಣುತ್ತಾ?”

“ಕಾಣುತ್ತೆ” ಅಂದೆ. ಗಂಟಲು ಕಟ್ಟಿತು, ಒಂದು ಸಮ ತಪ್ಪಿತು. ಅವರ ಹೆಜ್ಜೆ ತಪ್ಪಲಿಲ್ಲ. ಅದನ್ನು ಕೇಳಿಕೊಂಡು ನಾನು ಮತ್ತೆ ಸೇರಿಕೊಂಡೆ. ಷ, ಟ ಒತ್ತು, ರ ಒತ್ತು, ಕೊಂಬು, ಎಲ್ಲವೂ ಅವರ ಕಿವಿಗೆ ತಲುಪಿದ್ದವು.

ಕೊನೆಗೆ ಒಂದು ಮುಕ್ತಾಯ ಹಾಕಬೇಕು ಅನ್ನುವುದು ಮೇಷ್ಟ್ರ ಆಸೆ. ತದಿಗಿಣತೊಂ, ಐದು ಅಕ್ಷರ. ಮೂರು ಸಲ ಹೇಳಿದರೆ ಹದಿನೈದು ಹೆಜ್ಜೆ, ಸರಿಯಾಗಿ ಮೂರು ಆವರ್ತ. ಹದಿನಾರನೇ ಹೆಜ್ಜೆ, ಅಂದರೆ ಸಮ, ಗೆರೆಯ ಮೇಲೆ ಬೀಳಬೇಕು. ಬೆಳಿಗ್ಗೆ ಬೇಗ ಹೋಗಿ, ಗೆರೆಯವರೆಗೆ ಓಡಿ ನೋಡಿ, ಎಲ್ಲಿಂದ ಶುರು ಮಾಡಬೇಕು ಅಂತ ಗುರುತು ಇಟ್ಟುಕೊಂಡಿದ್ದೆವು. ಒಂದು ಕಂಬದ ಪಕ್ಕ.

ಕಂಬ ಬಂತು. “ಈಗ” ಅಂದೆ. ಇಬ್ಬರೂ ಗಟ್ಟಿಯಾಗಿ ಹೇಳಿದೆವು. ತದಿಗಿಣತೊಂ, ತದಿಗಿಣತೊಂ, ತದಿಗಿಣತೊಂ. ನಾನು ಅರ್ಧ ಹೆಜ್ಜೆ ಹಿಂದೆ ಉಳಿದೆ. ತೊಂ ಮುಗಿದು ಸಮ ಬಿದ್ದರೂ ಗೆರೆ ಇನ್ನೂ ಎರಡು ಹೆಜ್ಜೆ ಮುಂದಿತ್ತು. ಅವರು ಆ ಎರಡು ಹೆಜ್ಜೆಯನ್ನು ಸುಮ್ನೆ ಇಟ್ಟು ದಾಟಿದರು. ಅವರ ಹಿಂದೆ ನಾನು. 1 ಗಂಟೆ 11 ನಿಮಿಷ.

ನೀರು ಕುಡಿದು, ಹುಲ್ಲಿನ ಮೇಲೆ ಕೂತು, ಸುಧಾರಿಸಿಕೊಂಡ ಮೇಲೆ ಮೇಷ್ಟ್ರು ಮೊದಲು ಕೇಳಿದ್ದು ಸಮಯ ಎಷ್ಟಾಯಿತು ಅಂತ ಅಲ್ಲ.

“ಎರಡು ಹೆಜ್ಜೆ ಯಾಕಮ್ಮ ಕಡಿಮೆ ಬಿತ್ತು?”

ನನ್ನ ಗುರುತು ತಪ್ಪಿರಬೇಕು ಅಂದೆ. ಅವರು ಸ್ವಲ್ಪ ಹೊತ್ತು ಬೆರಳು ಮಡಿಸುತ್ತಾ ಕೂತರು.

“ಗುರುತು ಸರಿ ಇತ್ತು. ಬೆಳಿಗ್ಗೆ ಅಳೆದಿದ್ದು ಸುಸ್ತಿಲ್ಲದ ಹೆಜ್ಜೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಹೆಜ್ಜೆ ಚಿಕ್ಕದಾಗುತ್ತೆ. ಬುಧವಾರ ಎಂಟು ಓಡಿ, ಆಮೇಲೆ ಅಳೆಯೋಣ. ಅಳತೆಪಟ್ಟಿ ತಗೊಂಡು ಬಾ.”